ದೀಪ ಹಚ್ಚುವ ಹೊತ್ತು

“ನಕ್ಷತ್ರ ನೋಡೋಕೆ ಗಂಡುಹುಡುಗರನ್ನ ಕರ್ಕೊಂಡು ಹೋಗಿ ಮೇಡಂ, ನಮ್ಮ ಹುಡುಗಿ ರಾತ್ರಿ ಹೊತ್ತು ಬರೋದು ಬೇಡ.” ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಪಾಠ ಮಾಡಿದರೂ ಈ ಮಾತು ಕೇಳಿದ್ದೇನೆ. ಹೇಳುವವರು ಹೆಚ್ಚಾಗಿ ತಾಯಂದಿರೇ. ನಾನು ಇದನ್ನು ಒಪ್ಪುವುದಿಲ್ಲ.

2022ರ ಅಕ್ಟೋಬರ್ 9, ಸೀಗೆ ಹುಣ್ಣಿಮೆ. ಸಂಜೆ ಆರೂ ಮುಕ್ಕಾಲು. ನಾವು ದೀಪ ಹಚ್ಚಿ ಹುಡುಗಿಯರನ್ನು ಒಳಗೆ ಕರೆಯುವ ಹೊತ್ತು. ಸುಮಾರು 190 ಕೋಟಿ ವರ್ಷಗಳ ಹಿಂದೆ ಹೊರಟಿದ್ದ ಗಾಮಾ ಕಿರಣಗಳು ಆಗ ಭೂಮಿಯನ್ನು ಮುಟ್ಟಿದವು. ಅಷ್ಟು ಪ್ರಖರವಾದ ಗಾಮಾ ಕಿರಣ ಸ್ಫೋಟ ಅದುವರೆಗೆ ದಾಖಲಾಗಿರಲಿಲ್ಲ. ಭಾರೀ ನಕ್ಷತ್ರವೊಂದು ಕುಸಿದು ಸತ್ತ ಸುದ್ದಿ ಅದು. ಗಾಮಾ ಕಿರಣಗಳ ಅಬ್ಬರ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅದರ ಬೆನ್ನಿಗೆ ಬರುವ ಹಿಂಬೆಳಕು ಮಾತ್ರ ಉಳಿಯಿತು. ಆಲೆಮನೆಯ ಒಲೆ ಆರಿದ ಮೇಲಿನ ಕೆಂಡ ಅಂದುಕೊಳ್ಳಬೇಡಿ. ನಕ್ಷತ್ರದಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಚಿಮ್ಮಿದ ದ್ರವ್ಯ ಸುತ್ತಲಿನ ಅನಿಲಕ್ಕೆ ಅಪ್ಪಳಿಸಿದಾಗ ಹುಟ್ಟುವ ಹೊಳಪು ಅದು.

ಈ ಹಿಂಬೆಳಕಿನಲ್ಲಿ ನಮ್ಮ ಕಣ್ಣು ಬಲ್ಲ ಬಣ್ಣಗಳೂ ಇರುತ್ತವೆ, ಅತಿನೇರಳೆಯೂ ಇರುತ್ತದೆ. ಅತಿನೇರಳೆಯ ಬಹುಪಾಲನ್ನು ಓಜೋನ್ ಪದರ ತಡೆಯುವುದರಿಂದ 2004ರಲ್ಲಿ ಹಾರಿಸಿದ ಸ್ವಿಫ್ಟ್‌ನಂಥ ಉಪಗ್ರಹ ಬೇಕು. ಉಳಿದದ್ದನ್ನು ನೆಲದ ಮೇಲಿನ ದೂರದರ್ಶಕಗಳೇ ಹಿಡಿಯುತ್ತವೆ. ಲಡಾಖಿನ ಹನ್ಲೆಯಲ್ಲಿರುವ 70 ಸೆಂಟಿಮೀಟರಿನ ಗ್ರೋತ್-ಇಂಡಿಯಾ ಹಾಗೆ ಹಿಡಿದದ್ದುಂಟು. ಎರಡನ್ನೂ ಹೋಲಿಸಿ ನೋಡಿದರೆ ದಾರಿಯಲ್ಲಿ ಎಷ್ಟು ಧೂಳಿದೆ, ಸ್ಫೋಟ ಎಷ್ಟು ದೂರದ್ದು ಎಂಬ ಸುಳಿವು ಸಿಗುತ್ತದೆ. ಆದರೆ ಗಂಟೆ ಗಂಟೆಗೂ ಅದು ಮಂಕಾಗುತ್ತಾ ಹೋಗುತ್ತದೆ. ಬೆಳಿಗ್ಗೆ ನೋಡೋಣ ಎಂದವರಿಗೆ ಸಿಗುವುದಲ್ಲ.

ಹನ್ಲೆಯಲ್ಲೇ ಇರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಅದನ್ನು ಕಟ್ಟುವ ಕೆಲಸದಲ್ಲಿ ದುಡಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಡಾ. ಜಿ.ಸಿ. ಅನುಪಮಾ. ಗ್ರೋತ್-ಇಂಡಿಯಾದ ಮುಂದಾಳುಗಳಲ್ಲೂ ಒಬ್ಬರು. ಹೆಣ್ಣುಮಗಳು. ಅವರಿಗೂ ಯಾರಾದರೂ ರಾತ್ರಿ ಬೇಡ ಅಂದಿದ್ದರೆ?

ಮೇಲುಕೋಟೆಯ ವೈರಮುಡಿಗೆ ಮಗಳನ್ನು ಕರೆದುಕೊಂಡು ಹೋಗಿ ಬೆಳಗಿನ ಜಾವದವರೆಗೆ ಜನಜಂಗುಳಿಯಲ್ಲಿ ನಿಲ್ಲುತ್ತೀರಿ. ಪಂಪ್‌ಸೆಟ್ಟಿಗೆ ನಡುರಾತ್ರಿ ತ್ರೀಫೇಸ್ ಕರೆಂಟ್ ಬಂದರೆ ಕಬ್ಬಿನ ಗದ್ದೆಗೆ ಟಾರ್ಚ್ ಹಿಡಿದು ಅಪ್ಪನ ಹಿಂದೆ ಹೋಗುವವಳೂ ಅವಳೇ. ಆಗ ಇಲ್ಲದ ಕತ್ತಲೆಯ ಭಯ ಶಾಲೆಯ ಮಹಡಿಯ ಮೇಲೆ ಮಾತ್ರ ಎಲ್ಲಿಂದ ಬರುತ್ತದೆ? ಕತ್ತಲೆಗೆ ಹೆದರುತ್ತೀರೋ, ಕತ್ತಲೆಯಲ್ಲಿ ಓಡಾಡುವ ಗಂಡಸರಿಗೋ? ಎರಡನೆಯದಾದರೆ ಆ ಭಯ ಸುಳ್ಳಲ್ಲ, ನಾನೂ ಬಲ್ಲೆ. ಆದರೆ ಅದಕ್ಕೆ ಹುಡುಗಿಯನ್ನೇ ಒಳಗೆ ಕೂಡಿಹಾಕುವುದು ಯಾವ ನ್ಯಾಯ?

ಬರುವ ಅಮಾವಾಸ್ಯೆಯ ರಾತ್ರಿ ನಮ್ಮ ಶಾಲೆಯ ಮಹಡಿಯ ಮೇಲೆ ಮಕ್ಕಳನ್ನು ಸೇರಿಸುತ್ತೇನೆ. ಅಮಾವಾಸ್ಯೆ ಎಂದು ಮೂಗು ಮುರಿಯಬೇಡಿ. ನಕ್ಷತ್ರ ಚೆನ್ನಾಗಿ ಕಾಣುವುದು ಆಗಲೇ. ಸಾಲಿನಲ್ಲಿ ಹುಡುಗಿಯರು ಮೊದಲು. ನಂಬಿಕೆ ಸಾಲದಿದ್ದರೆ ನೀವೂ ಮಗಳ ಜೊತೆ ಬನ್ನಿ, ಒಂದು ಚಾಪೆ ತನ್ನಿ.