ಹಸು ಅದೇ, ಪಾಲಿಸಿ ಬೇರೆ

ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿ ಮಂಡ್ಯ ಜಿಲ್ಲೆಗೆ ಸೇರಿದ್ದರೂ ಪಠ್ಯಪುಸ್ತಕದಲ್ಲಿ ಬರುವ ಕಬ್ಬು-ಭತ್ತದ ಮಂಡ್ಯ ಅದಲ್ಲ. ವಿಶ್ವೇಶ್ವರಯ್ಯ ನಾಲೆಯ ಹಸಿರು ಬಯಲು ಇರುವುದು ಜಿಲ್ಲೆಯ ಇನ್ನೊಂದು ಕಡೆ. ನಾಗಮಂಗಲದ ಕಡೆಯ ಹೆಚ್ಚಿನ ಹೊಲಗಳು ಇಂದಿಗೂ ಆಕಾಶ ನೋಡಿಕೊಂಡು ರಾಗಿ, ಹುರುಳಿ ಬೆಳೆಯುವಂಥವು. ಮಳೆ ಕೈಕೊಟ್ಟ ವರ್ಷ ಇಂಥ ಕಡೆ ಮನೆ ನಡೆಸುವುದು ಕೊಟ್ಟಿಗೆಯ ಹಸು. ಡೇರಿಯ ಬಟವಾಡೆಯಿಂದಲೇ ಅಂಗಡಿಯ ಲೆಕ್ಕ ತೀರಬೇಕು, ಹಿಂಡಿ ಬರಬೇಕು, ಮಕ್ಕಳ ಕಾಲೇಜು ಫೀಸು ಹೊರಡಬೇಕು.

ಬೆಂಗಳೂರಿನಲ್ಲಿ ಸಾಕುಪ್ರಾಣಿಗೆ ವಿಮೆ ಎಂದರೆ ನಾಯಿ ನೆನಪಾಗಬಹುದು. ಈ ಸೀಮೆಯಲ್ಲಿ ವಿಮೆ ಎಂದರೆ ಹಸುವಿನದೇ. ನಾಯಿ ಸತ್ತರೆ ಮನೆಯವರು ಅಳುತ್ತಾರೆ. ಹಸು ಸತ್ತರೆ ಅಳುವುದರ ಜೊತೆಗೆ ಸಾಲದ ಕಂತನ್ನೂ ಎಣಿಸಬೇಕಾಗುತ್ತದೆ.

ಹೀಗೊಂದು ಸಂದರ್ಭವನ್ನು ಎಣಿಸಿಕೊಳ್ಳಿ. ಬ್ಯಾಂಕಿನ ಸಾಲದಲ್ಲಿ ಕೊಂಡ ಒಂದು ಎಚ್‌ಎಫ್ ಹಸು. ಮೊದಲ ವರ್ಷ ವಿಮೆ ಮಾಡಿಸಿದಾಗ ಪಶುವೈದ್ಯರು ಬಂದು ನೋಡಿ ಬೆಲೆ ಕಟ್ಟಿದರು, ಕಿವಿಗೆ ಓಲೆ ಹಾಕಿದರು, ಪಾಲಿಸಿ ಕೈಗೆ ಬಂತು. ಎರಡನೆಯ ವರ್ಷ ಕಂತು ಕಟ್ಟಿ ರಸೀದಿ ತಂದರು, ಮೂರನೆಯ ವರ್ಷವೂ ಅಷ್ಟೇ. ಆಮೇಲೆ ಹಸುವಿಗೆ ಕೆಚ್ಚಲು ಬಾವು ಬಂದು ಕೆಚ್ಚಲೇ ಕೆಟ್ಟಿತು. ಹಸು ಬದುಕಿದೆ, ಹಾಲಿಲ್ಲ. ಮನೆಯವರು ಪರಿಹಾರ ಕೇಳಿದರೆ, ಈ ವರ್ಷದ ಪಾಲಿಸಿಯಲ್ಲಿ ಸಾವಿಗೆ ಮಾತ್ರ ಪರಿಹಾರವೆಂದು ಉತ್ತರ ಬಂತು. ಹಾಲು ಕೊಡುವ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡರೂ ಪರಿಹಾರ ಕೊಡುವ ಷರತ್ತು ಮೊದಲ ವರ್ಷದ ಕಾಗದದಲ್ಲಿತ್ತು, ಮೂರನೆಯ ವರ್ಷದಲ್ಲಿ ಇರಲಿಲ್ಲ.

"ಅಪ್ಪ, ಮೊದಲ್ನೇ ವರ್ಸದ್ ಕಾಗ್ದ ಎಲ್ಲೈತೆ?" ಎಂದು ಪಿಯುಸಿ ಓದುವ ಮಗಳು ಕೇಳುತ್ತಾಳೆ.

"ಹಳೇದ್ಯಾಕವ್ವ ಈಗ? ಅದ್ರ ಕಾಲ ಮುಗ್ದೋಯ್ತಲ್ಲ" ಎನ್ನುತ್ತಾನೆ ಅಪ್ಪ.

ತಕರಾರು ಗೆಲ್ಲುವುದೋ ಸೋಲುವುದೋ ಎಂಬುದು ಬಹುಮಟ್ಟಿಗೆ ಆ ಹಳೆಯ ಕಾಗದದ ಮೇಲೇ ನಿಂತಿರುತ್ತದೆ. ಜಾನುವಾರು ವಿಮೆ ಸಾಮಾನ್ಯವಾಗಿ ಒಂದು ವರ್ಷದ್ದು, ಕೆಲವು ಯೋಜನೆಗಳಲ್ಲಿ ಮೂರು ವರ್ಷದ್ದೂ ಉಂಟು. ಅವಧಿ ಮುಗಿದ ಮೇಲೆ ಕಂತು ಕಟ್ಟುವುದನ್ನು ಜನ 'ಮುಂದುವರಿಸುವುದು' ಎನ್ನುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ಹೊಸ ಒಪ್ಪಂದ. ಹಸು ಅದೇ, ಮನೆ ಅದೇ, ಕಂಪನಿಯೂ ಅದೇ ಇರಬಹುದು. ಷರತ್ತು ಮಾತ್ರ ಅದೇ ಇರಲೇಬೇಕೆಂದಿಲ್ಲ.

ಮೊದಲು ಬದಲಾಗುವುದು ಹಸುವಿನ ಬೆಲೆ. ವಿಮೆಯ ಮೊತ್ತವನ್ನು ಹಸುವಿನ ವಯಸ್ಸು, ಸೂಲು, ಹಾಲಿನ ಪ್ರಮಾಣ ನೋಡಿ ಕಟ್ಟುತ್ತಾರೆ. ವಯಸ್ಸಾದಂತೆ ಮೊತ್ತ ಇಳಿಯಬಹುದು. ಅರವತ್ತು ಸಾವಿರಕ್ಕೆ ವಿಮೆ ಮಾಡಿಸಿದ್ದೇವೆ ಎಂದು ನಂಬಿಕೊಂಡಿದ್ದವರಿಗೆ ನಲವತ್ತು ಸಾವಿರವೆಂದು ತಿಳಿಯುವುದು ಹಸು ಸತ್ತ ಮೇಲೆ. ಎರಡನೆಯದು ಕಾಯುವ ಅವಧಿ. ಹೊಸ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ 15 ದಿನ ರೋಗದಿಂದಾದ ಸಾವಿಗೆ ಪರಿಹಾರವಿಲ್ಲ. ಕಂತು ಕಟ್ಟುವುದು ನಾಲ್ಕು ದಿನ ತಡವಾಗಿ ಹಳೆಯ ಪಾಲಿಸಿ ಮುಗಿದುಹೋದರೆ ಈ 15 ದಿನ ಮತ್ತೆ ಮೊದಲಿನಿಂದ ಶುರುವಾಗಬಹುದು. ಲಸಿಕೆಯ ಷರತ್ತು ಬೇರೆ. ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗದಂಥವುಗಳಿಗೆ ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ಆ ರೋಗದಿಂದಾದ ಸಾವಿಗೆ ಹಣವಿಲ್ಲವೆನ್ನುವ ಪಾಲಿಸಿಗಳಿವೆ. ಲಸಿಕೆ ಹಾಕಿಸಿರುತ್ತಾರೆ, ಬರೆಸಿಟ್ಟುಕೊಂಡಿರುವುದಿಲ್ಲ.

ಎಲ್ಲಕ್ಕಿಂತ ತೊಡಕಿನದು ಗುಂಪು ವಿಮೆ. ಸಂಘವೋ ಒಕ್ಕೂಟವೋ ಬ್ಯಾಂಕೋ ನೂರಾರು ಹಸುಗಳಿಗೆ ಸೇರಿಸಿ ಒಂದೇ ಪಾಲಿಸಿ ತೆಗೆದುಕೊಳ್ಳುತ್ತದೆ. ಪಾಲಿಸಿ ಅವರ ಕಚೇರಿಯ ಬೀರುವಿನಲ್ಲಿರುತ್ತದೆ, ರೈತನ ಕೈಯಲ್ಲಿರುವುದು ಕಂತಿನ ಚೀಟಿ. ಮುಂದಿನ ವರ್ಷ ವಿಮಾ ಕಂಪನಿಯೇ ಬದಲಾದರೂ ಕೊಟ್ಟಿಗೆಗೆ ಸುದ್ದಿ ಬರುವುದಿಲ್ಲ.

ಕಂಪನಿಗಳ ಕಡೆಗೂ ಒಂದು ಮಾತಿದೆ. ಬದುಕಿರುವ ಹಸುವಿನ ಕಿವಿ ಕತ್ತರಿಸಿ ಓಲೆ ತಂದು ತೋರಿಸಿದ, ಸತ್ತ ಬೇರೆ ಹಸುವಿನ ಹೆಸರಲ್ಲಿ ಹಣ ಪಡೆದ ಮೋಸಗಳು ಈ ವಿಮೆಯಷ್ಟೇ ಹಳೆಯವು. 'ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ' ಎಂಬ ಕಟ್ಟುನಿಟ್ಟು ಬಂದದ್ದು ಸುಮ್ಮನೆ ಅಲ್ಲ. ಆದರೆ ಮೋಸ ಮಾಡಿದವನಿಗಾಗಿ ಬಿಗಿ ಮಾಡಿದ ಹಗ್ಗ ಹೆಚ್ಚಾಗಿ ಸುತ್ತಿಕೊಳ್ಳುವುದು ಓದು ಬರದ, ಕೇಳಲು ಅಂಜುವ ಪ್ರಾಮಾಣಿಕನ ಕೊರಳಿಗೆ.

ಬದಲಾವಣೆಯೆಲ್ಲ ರೈತನಿಗೆ ಕೆಡುಕೇ ಎಂದೇನೂ ಅಲ್ಲ. ಕೇಂದ್ರ ಸರ್ಕಾರ 2005-06ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುಮಾಡಿದ ಜಾನುವಾರು ವಿಮಾ ಯೋಜನೆಯಲ್ಲಿ ಕಂತಿನ ಅರ್ಧ ಸಹಾಯಧನವಾಗಿತ್ತು. 2014-15ರಿಂದ ಅದು ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಸೇರಿತು. ಬಡತನ ರೇಖೆಗಿಂತ ಕೆಳಗಿನವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸಹಾಯಧನ ಹೆಚ್ಚಾಯಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ರೈತರ ಪಾಲನ್ನು ಕಂತಿನ ಶೇ. 15ಕ್ಕೆ ಇಳಿಸಲು ಒಪ್ಪಿತು. ಅದಕ್ಕೆ ಮೊದಲು ಈ ಪಾಲು ವರ್ಗ, ಪ್ರದೇಶಕ್ಕೆ ತಕ್ಕಂತೆ ಶೇ. 20ರಿಂದ 50ರವರೆಗೆ ಇತ್ತು. ಹಳೆಯ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು 'ದುಬಾರಿ' ಎಂದು ವಿಮೆ ಬಿಟ್ಟವರು ಪಶು ಆಸ್ಪತ್ರೆಯಲ್ಲಿ ಈ ವರ್ಷದ ಲೆಕ್ಕ ಕೇಳಿ ನೋಡಬಹುದು.

ಹೇಳದೆ ಷರತ್ತು ಬದಲಾಯಿಸಿದರೆ ಏನು ಗತಿ? ಇದಕ್ಕೆ ಸುಪ್ರೀಂ ಕೋರ್ಟಿನಿಂದಲೇ ಉತ್ತರ ಬಂದಿದೆ. ಪ್ರಕರಣ ಹಸುವಿನದಲ್ಲ, ಮನುಷ್ಯರ ಆರೋಗ್ಯ ವಿಮೆಯದು. ಆದರೆ ಜಗಳ ಇದೇ ಜಾತಿಯದು. ದಂಪತಿಯೊಬ್ಬರು ಸರ್ಕಾರಿ ಒಡೆತನದ ಒಂದು ಕಂಪನಿಯಲ್ಲಿ 1982ರಿಂದಲೂ ವರ್ಷ ವರ್ಷ ವಿಮೆ ಮಾಡಿಸುತ್ತ ಬಂದಿದ್ದರು. 2008ರಲ್ಲಿ ನವೀಕರಿಸಿದ ಪಾಲಿಸಿಯಲ್ಲಿ ಹೃದಯದ ಆಂಜಿಯೋಪ್ಲಾಸ್ಟಿಗೆ ಎರಡು ಲಕ್ಷದ ಮಿತಿ ಹೊಸದಾಗಿ ಬಂದು ಕುಳಿತಿತ್ತು. ಆಸ್ಪತ್ರೆಯ ಖರ್ಚು ಆದದ್ದು ಸುಮಾರು 3.8 ಲಕ್ಷ, ಕಂಪನಿ ಕೊಟ್ಟದ್ದು ಎರಡು ಲಕ್ಷ. ಉಳಿದ ಹಣಕ್ಕಾಗಿ ಅವರು ಹೋರಾಡಿದರು. 2021ರ ಡಿಸೆಂಬರಿನಲ್ಲಿ ತೀರ್ಪು ಬಂತು. ನವೀಕರಣದ ವೇಳೆ ಹೊಸ ಮಿತಿ ಹೇರುವುದಾದರೆ ಅದನ್ನು ಪಾಲಿಸಿದಾರರಿಗೆ ತಿಳಿಸುವುದು ವಿಮಾ ಕಂಪನಿಯ ಕರ್ತವ್ಯ, ತಿಳಿಸದಿರುವುದು ಸೇವಾಲೋಪ ಎಂದು ನ್ಯಾಯಾಲಯ ಹೇಳಿತು. ಹದಿಮೂರು ವರ್ಷ ಹಿಡಿಯಿತೆಂಬುದು ಬೇರೆ ಮಾತು. ಅಷ್ಟು ವರ್ಷ ಕಾಯುವ ಕಸುವು ಎಲ್ಲರಿಗೂ ಎಲ್ಲಿಂದ ಬರಬೇಕು?

ಅದಕ್ಕೂ ಹಿಂದೆ, 2000ದಲ್ಲಿ, ಕಾರ್ಖಾನೆಯೊಂದರ ವಿಮೆಯ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿತ್ತು. ಪರಿಹಾರ ಕೊಡದಿರುವ ಸಂದರ್ಭಗಳ ಷರತ್ತನ್ನು ಗ್ರಾಹಕರಿಗೆ ತಲುಪಿಸದೆ, ಆಮೇಲೆ ಅದನ್ನೇ ಮುಂದಿಟ್ಟು ಹಣ ನಿರಾಕರಿಸುವಂತಿಲ್ಲ. ವಿಮೆಯೆಂಬುದು ಎರಡೂ ಕಡೆಯವರು ಏನನ್ನೂ ಮುಚ್ಚಿಡದೆ ಮಾಡಿಕೊಳ್ಳಬೇಕಾದ ಒಪ್ಪಂದ. ಹಸುವಿಗಿದ್ದ ರೋಗವನ್ನು ರೈತ ಮುಚ್ಚಿಡಬಾರದು, ಪಾಲಿಸಿಯ ಷರತ್ತನ್ನು ಕಂಪನಿಯೂ ಮುಚ್ಚಿಡಬಾರದು.

ಹಾಗೆಂದು 'ನಾನು ಓದಿರಲಿಲ್ಲ' ಎಂಬುದು ಎಲ್ಲ ಕಡೆಯೂ ನಡೆಯುವ ಮಾತಲ್ಲ. ಕಾಗದ ಕೈಗೆ ಕೊಟ್ಟು, ಬದಲಾವಣೆ ತಿಳಿಸಿ, ಸಹಿ ಹಾಕಿಸಿಕೊಂಡಿದ್ದರೆ ಕಂಪನಿಯ ಕೈ ಮೇಲು. ಅರ್ಜಿಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿರುತ್ತವೆ. ಅಪ್ಪ ಸಹಿ ಹಾಕುವ ಜಾಗದಲ್ಲಿ ಗುರುತು ಮಾಡಿಕೊಟ್ಟವರು ಮೇಲಿನ ಸಾಲುಗಳನ್ನು ಓದಿ ಹೇಳಿರುವುದಿಲ್ಲ. ಆ ಸಾಲುಗಳನ್ನು ಓದಬಲ್ಲವರು ಹಲವು ಮನೆಗಳಲ್ಲಿ ಹೈಸ್ಕೂಲು, ಕಾಲೇಜಿಗೆ ಹೋಗುವ ಮಕ್ಕಳೇ. ಹೋದ ವರ್ಷದ ಪಾಲಿಸಿ ಮತ್ತು ಈ ವರ್ಷದ್ದನ್ನು ಪಕ್ಕಪಕ್ಕ ಇಟ್ಟು ಮೊತ್ತ, ಅವಧಿ, ಓಲೆಯ ಸಂಖ್ಯೆ, ಯಾವುದಕ್ಕೆ ಪರಿಹಾರವಿಲ್ಲ ಎಂಬ ಪಟ್ಟಿ ನೋಡಲು ಅರ್ಧ ಗಂಟೆ ಸಾಕು. ಓಲೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೂ ಆಮೇಲೆ ಅದೇ ದೊಡ್ಡ ತಕರಾರು. ಓಲೆ ಬಿದ್ದುಹೋದರೆ ಆಗಲೇ ಬರೆದು ತಿಳಿಸಿ ಹೊಸದು ಹಾಕಿಸಬೇಕು. ಗುಂಪು ವಿಮೆಯಾದರೆ ಪಾಲಿಸಿಯ ಒಂದು ಜೆರಾಕ್ಸ್ ಪ್ರತಿಯನ್ನು ಸಂಘದ ಕಾರ್ಯದರ್ಶಿಯಿಂದ ಕೇಳಿ ಪಡೆಯಬೇಕು. ಕೇಳಿದರೆ ಬೇಸರ ಮಾಡಿಕೊಂಡಾರೆಂಬ ಸಂಕೋಚ ಬೇಡ, ಕಂತು ಕಟ್ಟಿದವರು ನೀವು.

ಹಸು ಸತ್ತಾಗಲಂತೂ ಹೊತ್ತು ಕಳೆಯುವಂತಿಲ್ಲ. ಕಂಪನಿಗೆ ತಿಳಿಸಬೇಕು, ಓಲೆ ಕಾಣುವಂತೆ ಫೋಟೊ ತೆಗೆದಿಡಬೇಕು, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲು ಹೂಳಬಾರದು. ತಕ್ಕ ಕಾರಣವಿದ್ದು ತಿಳಿಸುವುದು ತಡವಾದರೆ, ತಡವಾಯಿತೆಂಬ ಒಂದೇ ನೆಪದಿಂದ ಪರಿಹಾರ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ.

ಪರಿಹಾರ ಇಲ್ಲವೆಂದು ಬಾಯಲ್ಲಿ ಹೇಳಿ ಕಳಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಷರತ್ತು ಬದಲಾಗಿದೆ ಎಂದರೆ, ಬದಲಾದದ್ದನ್ನು ಯಾವ ದಿನ, ಯಾವ ಕಾಗದದಲ್ಲಿ ತಿಳಿಸಿದಿರೆಂದು ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಮಂಡ್ಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 1986ರ ಹಳೆಯ ಕಾಯ್ದೆಯ ಬದಲು 2020ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ವಕೀಲರಿಲ್ಲದೆ ತಾವೇ ವಾದಿಸಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದ ಪ್ರಕರಣಗಳಿಗೆ ಶುಲ್ಕವಿಲ್ಲ. ಹಸುವಿನ ವಿಮೆಯ ಕಂತು ಅದರ ಹತ್ತಿರಕ್ಕೂ ಹೋಗುವುದಿಲ್ಲ. ದೂರಿನ ಜೊತೆ ಲಗತ್ತಿಸಬೇಕಾದ ಕಾಗದಗಳಲ್ಲಿ ಮೊದಲನೆಯದು, ಕಾಲ ಮುಗಿಯಿತೆಂದು ಅಪ್ಪ ಎಲ್ಲೋ ಸಿಕ್ಕಿಸಿಟ್ಟಿರುವ ಆ ಮೊದಲ ವರ್ಷದ ಪಾಲಿಸಿ.