ಶ್ರೀರಂಗಪಟ್ಟಣವೇನು ಎರಡು ಗಂಟೆಯ ಊರೇ?

ಮುಂಬೈಯಿಂದ ರಜೆಗೆ ಊರಿಗೆ ಹೋಗುವ ನಾವು ಶ್ರೀರಂಗಪಟ್ಟಣ ನೋಡುವ ಚಂದವೇ ಚಂದ! ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್, ಗುಂಬಜ್ ಮುಗಿಸಿ, ಎರಡೇ ಗಂಟೆಯಲ್ಲಿ ಮೈಸೂರಿನ ಕಡೆ ಕಾರು. ಆಮೇಲೆ "ಅಲ್ಲೇನಿದೆ ಮಹಾ?" ಅನ್ನುತ್ತೇವೆ. ನಾನೂ ಅಂದವನೇ.

ಕಾವೇರಿಗೆ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಹತ್ತಿರ ಎಂದಾದರೂ ನಿಂತಿದ್ದೀರಾ ಸ್ವಾಮಿ? ಟಿಪ್ಪುವಿನ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯ, 1799ರಲ್ಲಿ ಕೋಟೆ ಬ್ರಿಟಿಷರ ಕೈಸೇರಿದ ಮೇಲೆ ದಿವಾನರಾಗಿ ಕಟ್ಟಿಸಿದ್ದು. ಲೆಕ್ಕಪತ್ರದ ಮನುಷ್ಯ ಎಬ್ಬಿಸಿದ ಆ ಕಲ್ಲುಕಂಬಗಳು ಬ್ಯಾಂಕಿನವನಾದ ನನ್ನ ಕಣ್ಣಿಗೆ ಬಿದ್ದದ್ದು ಐವತ್ತು ದಾಟಿದ ಮೇಲೆ. ನಾಚಿಕೆಯಾಯಿತು.

ಡ್ರೈವರ್ ಕಾರು ನಿಲ್ಲಿಸಿದ ಜಾಗವಷ್ಟೇ ಪ್ರೇಕ್ಷಣೀಯ ಅನ್ನುವ ರೋಗ ನಮ್ಮದು. ಸರ್ಕಾರವನ್ನು ಆಮೇಲೆ ಬೈಯೋಣ. ಮುಂದಿನ ಸಲ ಒಂದು ರಾತ್ರಿ ಅಲ್ಲೇ ಉಳಿಯಿರಿ, ಮಕ್ಕಳನ್ನು ನಡೆಸಿಕೊಂಡು ಹೋಗಿ ತೋರಿಸಿ. ಇಲ್ಲಿ ಬೆಳೆದ ಅವರಿಗೆ ನಾವಲ್ಲದೆ ಇನ್ಯಾರು ಹೇಳಬೇಕು?