ಹೂಳು ಬಿಡದ ಒಡ್ಡು ಊರು ಕಾಯದು

ಸುಂದರಬನದ ದ್ವೀಪದಲ್ಲಿ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಒಡ್ಡಿನ ಮೇಲೆ ನಿಂತವರ ಎದೆ ಝಲ್ಲೆನ್ನುತ್ತದೆ. ಒಂದು ಬದಿಗೆ ಹೊಳೆ ಒಡ್ಡಿನ ಅಂಚಿನವರೆಗೆ ತುಂಬಿ ನಿಂತಿರುತ್ತದೆ. ಇನ್ನೊಂದು ಬದಿಗೆ, ಅದಕ್ಕಿಂತ ತಗ್ಗಿನಲ್ಲಿ, ಭತ್ತದ ಗದ್ದೆ, ಸಿಹಿನೀರಿನ ಕೆರೆ, ಮನೆಯಂಗಳ. ದೋಣಿ ಮೇಲೆ, ಊರು ಕೆಳಗೆ. ನಡುವೆ ಇರುವುದು ಬರೀ ಒಂದು ಮಣ್ಣಿನ ದಿಬ್ಬ.

2009ರ ಮೇ 25ರಂದು ಐಲಾ ಚಂಡಮಾರುತ ಬಂದಾಗ ಪಶ್ಚಿಮ ಬಂಗಾಳದ ಸುಂದರಬನದ ಸುಮಾರು 3,500 ಕಿ.ಮೀ. ಒಡ್ಡಿನಲ್ಲಿ 778 ಕಿ.ಮೀ.ಯಷ್ಟು ಹಾಳಾಯಿತು. 2020ರಲ್ಲಿ ಅಂಫಾನ್, 2021ರಲ್ಲಿ ಯಾಸ್. ಪ್ರತಿ ಸಲವೂ ಉಪ್ಪುನೀರು ನುಗ್ಗಿದ ಕೆರೆಗಳಲ್ಲಿ ಮೀನು ಸತ್ತು ತೇಲಿದವು, ಗದ್ದೆಗಳು ಬಿತ್ತನೆಗೆ ಬಾರದಾದವು. ಪರಿಹಾರದ ಅಕ್ಕಿ ಬೇಡ, ಶಾಶ್ವತ ಒಡ್ಡು ಕೊಡಿ ಎಂದು ಅಲ್ಲಿನ ಜನ ಕೇಳಿದರು. ಅದು ಭಿಕ್ಷೆ ಬೇಡವೆನ್ನುವ ಸ್ವಾಭಿಮಾನದ ಮಾತು. ಆದರೆ ಆಳುವವರು ಅದನ್ನು ಕಾಂಕ್ರೀಟ್ ಕೊಡಿ ಎಂದಷ್ಟೇ ಕೇಳಿಸಿಕೊಂಡರು. ತಪ್ಪಾದದ್ದು ಅಲ್ಲೇ.

ಗಂಗೆ, ಬ್ರಹ್ಮಪುತ್ರ ನದಿಗಳು ಹೊತ್ತುತಂದ ಹೂಳಿನಿಂದಲೇ ಆದ ನೆಲ ಸುಂದರಬನ. ಹಸಿ ಹೂಳು ತನ್ನದೇ ಭಾರಕ್ಕೆ ಕುಸಿಯುತ್ತಾ ಹೋಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಉಬ್ಬರದ ನೀರು ಹೊಸ ಹೂಳು ತಂದು ಹಾಕುವುದರಿಂದ ಕುಸಿದಷ್ಟೂ ತುಂಬಿಕೊಳ್ಳುತ್ತದೆ. ಒಡ್ಡು ಕಟ್ಟಿದ ಕಡೆ ಈ ಕೊಡುಕೊಳೆ ನಿಂತುಹೋಗುತ್ತದೆ. ಹೊರಗೆ ಸಮುದ್ರ ಏರುತ್ತದೆ, ಒಳಗೆ ನೆಲ ಇಳಿಯುತ್ತದೆ. ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯ 32ನೇ ಸಂಖ್ಯೆಯ ಒಡ್ಡುದ್ವೀಪವನ್ನು ಅಳೆದ ವಿಜ್ಞಾನಿಗಳು 2015ರಲ್ಲಿ ಬರೆದದ್ದು ಇದನ್ನೇ: 1960ರ ದಶಕದಲ್ಲಿ ಒಡ್ಡು ಕಟ್ಟಿದ ಆ ನೆಲ, ಪಕ್ಕದ ಕಾಡಿಗಿಂತ 1ರಿಂದ 1.5 ಮೀಟರ್ ತಗ್ಗಿಗೆ ಇಳಿದಿತ್ತು. ಐಲಾದಲ್ಲಿ ಒಡ್ಡು ಒಡೆದು ಸುಮಾರು ಎರಡು ವರ್ಷ ಉಬ್ಬರದ ನೀರು ಒಳಗೆ ಆಡಿದಾಗ ಹತ್ತಾರು ಸೆಂಟಿಮೀಟರ್ ಹೂಳು ಮರಳಿ ಕೂತಿತ್ತು. ಒಡ್ಡನ್ನು ಎಷ್ಟೇ ಎತ್ತರಿಸಿದರೂ ಒಳಗಿನ ಗುಂಡಿ ತುಂಬುವುದಿಲ್ಲ. ಮುಂದೊಮ್ಮೆ ಅದು ಒಡೆದಾಗ ನುಗ್ಗುವ ನೀರು ಇನ್ನಷ್ಟು ಆಳವಾಗಿರುತ್ತದೆ, ಅಷ್ಟೆ.

ಹಾಗೆಂದು ಒಡ್ಡು ಕಿತ್ತೆಸೆಯಿರಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಭಾರತದ ಸುಂದರಬನದಲ್ಲೇ 40 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಬೇಕಾದದ್ದು ತೂಬುಳ್ಳ ಒಡ್ಡು, ಸರದಿಯ ಮೇಲೆ ಹೂಳು ಒಳಗೆ ಬಿಡುವ ಏರ್ಪಾಡು. ಇದು ಕಲ್ಪನೆಯಲ್ಲ. ಬಾಂಗ್ಲಾದೇಶದ ಭಾಯ್ನಾ ಬಿಲ್ ಎಂಬ ತಗ್ಗು ಬಯಲಿನಲ್ಲಿ ನೀರು ನಿಂತು ರೋಸಿಹೋದ ರೈತರು 1997ರಲ್ಲಿ ತಾವೇ ಒಡ್ಡು ಕಡಿದರು. ಕೆಲವೇ ವರ್ಷಗಳಲ್ಲಿ ತಗ್ಗು ನೆಲ ಮೇಲೆದ್ದಿತು. ನಮ್ಮ ಕುಮಟಾ ಕಡೆಯ ಗಜನಿ (ಉಪ್ಪುನೀರಿನ ಗದ್ದೆ) ರೈತರಿಗೂ ಈ ಲೆಕ್ಕ ಗೊತ್ತಿತ್ತು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ತೂಬು ತೆರೆದು ಅಘನಾಶಿನಿ ಹೊಳೆಯ ಉಪ್ಪುನೀರನ್ನು ಒಳಗೆ ಬಿಡುತ್ತಿದ್ದರು. ನೀರಿನ ಜೊತೆ ಮೀನು, ಸಿಗಡಿ, ಗೊಬ್ಬರದಂಥ ರೇವೆ ಬರುತ್ತಿತ್ತು. ನೀರನ್ನು ತಡೆಯುವುದೂ ಕರೆಯುವುದೂ ಅವರಿಗೆ ಒಂದೇ ಬೇಸಾಯದ ಎರಡು ಕೆಲಸಗಳಾಗಿದ್ದವು.

ಆದರೆ ಹೂಳು ಕೂರುವವರೆಗೆ ಯಾರ ಗದ್ದೆ ಮುಳುಗಬೇಕು? ಈ ಪ್ರಶ್ನೆ ನ್ಯಾಯವಾದದ್ದು. ಬಾಂಗ್ಲಾದೇಶದಲ್ಲೇ ಮುಂದೆ ಇಂಥ ಯೋಜನೆಗಳಿಗೆ ರೈತರು ತಿರುಗಿಬಿದ್ದರು, ಪರಿಹಾರ ಸರಿಯಾಗಿ ಕೈಸೇರದಿದ್ದುದು ಅದಕ್ಕೆ ಮುಖ್ಯ ಕಾರಣ. ಊರೆಲ್ಲ ಉಳಿಯಲೆಂದು ಒಬ್ಬ ರೈತ ನಾಲ್ಕಾರು ಬೆಳೆ ಬಿಟ್ಟುಕೊಟ್ಟರೆ ಅಷ್ಟೂ ವರ್ಷ ಅವನ ಮನೆಯ ಒಲೆ ಉರಿಸುವ ಹೊಣೆ ಸರ್ಕಾರದ್ದು. ನಮ್ಮಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು ಮಳೆಗೆ ಪರಿಹಾರ ಸಿಗುವ ಕೇಂದ್ರದ ವಿಕೋಪಗಳ ಪಟ್ಟಿಯಲ್ಲಿ ಜಾಗವಿದೆ. ದಿನವೂ ಇಷ್ಟಿಷ್ಟೇ ನೆಲ ನುಂಗುವ ಕೊರೆತಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿರಲಿಲ್ಲ. 15ನೇ ಹಣಕಾಸು ಆಯೋಗ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 2021–26ರ ಅವಧಿಗೆ 1,000 ಕೋಟಿ ರೂಪಾಯಿ ಎತ್ತಿಡಲು ಹೇಳಿದ್ದು ಮೊದಲ ಹೆಜ್ಜೆ. ಇಡೀ ದೇಶದ ಹೊಳೆದಂಡೆ, ಕಡಲತೀರಗಳಿಗೆ ಅದು ಯಾವ ಮೂಲೆಗೆ ಸಾಕು?

ಆದ್ದರಿಂದ ಮುಂದಿನ ಒಡ್ಡಿನ ಟೆಂಡರ್ ಕರೆಯುವಾಗ ಉದ್ದ, ಎತ್ತರ, ಸಿಮೆಂಟಿನ ಲೆಕ್ಕದ ಜೊತೆ ಇನ್ನೆರಡು ಲೆಕ್ಕವನ್ನೂ ಜನರ ಮುಂದಿಡಲಿ: ಹೂಳು ಒಳಗೆ ಬರಲು ತೂಬು ಎಷ್ಟು, ಗದ್ದೆ ಬಿಟ್ಟುಕೊಟ್ಟ ರೈತನಿಗೆ ವರ್ಷಕ್ಕೆ ಎಷ್ಟು. ಇವೆರಡೂ ಇಲ್ಲದ ಒಡ್ಡನ್ನು ದಯವಿಟ್ಟು ಯಾರೂ ಶಾಶ್ವತ ಎಂದು ಕರೆಯಬೇಡಿ.